ಗೋಟು ಟ್ಯಾಗ್ ಎಲ್ಲಿಯವರೆಗೆ ಕಾಣಬೇಕು?

ಕೋಲಾರದ ಕಡೆಯ ತೋಟಗಳಲ್ಲಿರುವಂಥ ಬೋರ್‌ವೆಲ್ ಪಂಪಿನ ಕಂಟ್ರೋಲರನ್ನು, ಬ್ಲಾಕುಗಳನ್ನು ಗೆರೆಗಳಿಂದ ಜೋಡಿಸಿ ಮಾದರಿ ಕಟ್ಟುವ ತಂತ್ರಾಂಶವಾದ ಸಿಮ್ಯುಲಿಂಕ್‌ನಲ್ಲಿ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಕೊಳವೆಬಾವಿಯಲ್ಲಿ ನೀರು ತೀರಿದರೆ ಮೋಟಾರಿನ ಮೇಲಿನ ಭಾರ ಇಳಿಯುತ್ತದೆ, ಕರೆಂಟೂ ಇಳಿಯುತ್ತದೆ. ಅದನ್ನು ಹಿಡಿದು ‘ಡ್ರೈರನ್’ ಸಿಗ್ನಲ್ ಹೊರಡುತ್ತದೆ. ಅದು ಸ್ಟಾರ್ಟರಿಗೂ ಬೇಕು, ಟೈಮರಿಗೂ ಬೇಕು, ಅಲಾರಮ್ಮಿಗೂ ಬೇಕು. ಎಲ್ಲ ಕಡೆಗೂ ಗೆರೆ ಎಳೆದರೆ ಚಿತ್ರ ಓದಲಾಗದು. ಆಗ ಗೋಟು, ಫ್ರಮ್ ಬ್ಲಾಕುಗಳು ನೆರವಿಗೆ ಬರುತ್ತವೆ. ಗೋಟು ಸಿಗ್ನಲಿಗೆ ಟ್ಯಾಗ್ ಎಂಬ ಹೆಸರು ಕೊಟ್ಟು ಕಳಿಸುತ್ತದೆ, ಅದೇ ಟ್ಯಾಗಿನ ಫ್ರಮ್ ಅದನ್ನು ಗೆರೆಯಿಲ್ಲದೆ ಪಡೆಯುತ್ತದೆ. ಒಂದು ಗೋಟುವಿನಿಂದ ಎಷ್ಟು ಫ್ರಮ್ ಬೇಕಾದರೂ ಓದಬಹುದು. ಒಂದು ಫ್ರಮ್ ಮಾತ್ರ ಒಂದೇ ಗೋಟುವಿನಿಂದ ಓದುತ್ತದೆ.

ಗೋಟುವಿನಲ್ಲಿ ‘ಟ್ಯಾಗ್ ವಿಸಿಬಿಲಿಟಿ’ಗೆ ಮೂರು ಆಯ್ಕೆ. ಹೊಸ ಬ್ಲಾಕ್ ಲೋಕಲ್ ಆಗಿಯೇ ಬರುತ್ತದೆ: ಟ್ಯಾಗ್ ಚೌಕ ಕಂಸದಲ್ಲಿರುತ್ತದೆ, ಅದೇ ಸಬ್‌ಸಿಸ್ಟಮ್ಮಿನೊಳಗೆ (ಬ್ಲಾಕುಗಳ ಗುಂಪನ್ನು ಒಳಗಿಟ್ಟ ಪೆಟ್ಟಿಗೆ) ಮಾತ್ರ ಕಾಣುತ್ತದೆ. ಸ್ಕೋಪ್ಡ್ ಆದರೆ ಪುಷ್ಪ ಕಂಸ. ಇದಕ್ಕೆ ‘ಗೋಟು ಟ್ಯಾಗ್ ವಿಸಿಬಿಲಿಟಿ’ ಎಂಬ ಇನ್ನೊಂದು ಬ್ಲಾಕ್ ಬೇಕೇ ಬೇಕು. ಅದನ್ನು ಇಟ್ಟ ಹಂತದಿಂದ ಕೆಳಕ್ಕೆ ಟ್ಯಾಗ್ ಕಾಣುತ್ತದೆ. ಗ್ಲೋಬಲ್‌ಗೆ ಕಂಸವೇ ಇಲ್ಲ, ಮುಂದೆ ಹೇಳುವ ಗಡಿಗಳನ್ನು ಬಿಟ್ಟರೆ ಮಾದರಿಯ ಎಲ್ಲ ಕಡೆಯೂ ಕಾಣುತ್ತದೆ.

ಗ್ಲೋಬಲ್ ಸುಲಭ ಅಂತ ಕೈ ಅಲ್ಲಿಗೇ ಹೋಗುತ್ತದೆ. ಬೇಡ. ಸಿಗ್ನಲ್ ಎಲ್ಲಿ ಹುಟ್ಟಿತು, ಯಾರು ಓದುತ್ತಿದ್ದಾರೆ ಎಂಬುದು ಆರು ತಿಂಗಳ ನಂತರ ಮಾದರಿ ತೆರೆದವರಿಗೆ ತಿಳಿಯುವುದೇ ಇಲ್ಲ. ಡ್ರೈರನ್ ಬೇಕಾದ ಮೂರೂ ಸಬ್‌ಸಿಸ್ಟಮ್ ‘ಪಂಪ್ ಕಂಟ್ರೋಲ್’ ಒಳಗಿದ್ದರೆ ವಿಸಿಬಿಲಿಟಿ ಬ್ಲಾಕನ್ನು ಅಲ್ಲೇ ಇಡಿ, ಮೇಲಿನ ಹಂತಕ್ಕೆ ಒಯ್ಯಬೇಡಿ. ಗೋಟು ಮಾಸ್ಕ್ ಮಾಡಿದ (ಒಳಭಾಗ ಮುಚ್ಚಿ ಸ್ವಂತ ಡಯಲಾಗ್ ಕೊಟ್ಟ) ಸಬ್‌ಸಿಸ್ಟಮ್ಮಿನ ಒಳಗಿದ್ದು ವಿಸಿಬಿಲಿಟಿ ಬ್ಲಾಕ್ ಅದರ ಮೇಲಿದ್ದರಂತೂ ಎರರ್ ಖಂಡಿತ.

ಹೆಚ್ಚು ಹೊತ್ತು ತಿನ್ನುವ ತೊಡಕು ಬೇರೆ. ನಿನ್ನೆಯವರೆಗೆ ಓಡಿದ ಮಾದರಿಯಲ್ಲಿ ಯಾರೋ ಸ್ಟಾರ್ಟರ್ ಸಬ್‌ಸಿಸ್ಟಮ್ಮನ್ನು ಅಟಾಮಿಕ್ ಮಾಡುತ್ತಾರೆ, ಅಥವಾ ಸಿಗ್ನಲ್ ಬಂದಾಗ ಮಾತ್ರ ಅದು ನಡೆಯುವಂತೆ ಎನೇಬಲ್ ಪೋರ್ಟ್ ಹಾಕುತ್ತಾರೆ. ಟ್ಯಾಗ್ ಹೆಸರು ಸರಿಯಿದೆ, ಗ್ಲೋಬಲ್ ಕೂಡ ಆಗಿದೆ, ಆದರೂ ಎರರ್. ಅಂಥ ಸಬ್‌ಸಿಸ್ಟಮ್ ಇಡಿಯಾಗಿ ಒಂದು ಘಟಕದಂತೆ ನಡೆಯುತ್ತದೆ. ಒಳಬರುವುದೆಲ್ಲ ಪೋರ್ಟಿನಿಂದಲೇ ಬರಬೇಕು, ಗೋಟು–ಫ್ರಮ್ ಆ ಗಡಿ ದಾಟುವಂತಿಲ್ಲ. ಪರಿಹಾರ: ಫ್ರಮ್ ಬ್ಲಾಕನ್ನು ಗಡಿಯ ಹೊರಗೆ ಇಟ್ಟು, ಇನ್‌ಪೋರ್ಟಿಗೆ ಗೆರೆ ಎಳೆಯಿರಿ. ಸ್ಟೇಟ್ ಪೋರ್ಟಿಗೆ (ಇಂಟಿಗ್ರೇಟರಿನಂಥ ಬ್ಲಾಕಿನ ಒಳಸ್ಥಿತಿಯನ್ನು ಹೊರಕೊಡುವ ಪೋರ್ಟ್) ಜೋಡಿಸಿದ ಗೋಟು ಇದಕ್ಕೆ ಅಪವಾದ: ಷರತ್ತಿನ ಮೇಲೆ ನಡೆಯುವ ಒಂದು ಸಬ್‌ಸಿಸ್ಟಮ್ಮಿನಲ್ಲಿದ್ದರೂ ಅಂಥದೇ ಇನ್ನೊಂದರ ಒಳಗಿನ ಫ್ರಮ್‌ಗೆ ಅದು ಕಾಣುತ್ತದೆ. ಅಟಾಮಿಕ್ ಗುರುತು ಹಾಕಿದ ಕೂಡಲೇ ಕಂಟ್ರೋಲ್–ಡಿ ಒತ್ತಿ ಡಯಾಗ್ರಮ್ ಅಪ್‌ಡೇಟ್ ಮಾಡಿದರೆ ತಪ್ಪು ಅಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ಫ್ರಮ್ ವಿಳಂಬ ಸೇರಿಸುವುದಿಲ್ಲ, ಅದು ಗೆರೆಗೆ ಸಮ. ಡ್ರೈರನ್ ಸ್ಟಾರ್ಟರನ್ನು ನಿಲ್ಲಿಸುತ್ತದೆ, ಸ್ಟಾರ್ಟರ್ ಕರೆಂಟನ್ನು ಬದಲಿಸುತ್ತದೆ, ಆ ಕರೆಂಟಿನಿಂದಲೇ ಮತ್ತೆ ಡ್ರೈರನ್. ನಡುವೆ ವಿಳಂಬವಿಲ್ಲದಿದ್ದರೆ ಆಲ್‌ಜಿಬ್ರಾಯಿಕ್ ಲೂಪ್ (ಒಂದು ಮೌಲ್ಯ ಅದೇ ಕ್ಷಣದಲ್ಲಿ ತನ್ನನ್ನೇ ಅವಲಂಬಿಸುವ ಸುತ್ತು) ಆಗುತ್ತದೆ, ಗೆರೆ ಇಲ್ಲದ್ದರಿಂದ ಕಣ್ಣಿಗೆ ಬೀಳುವುದೂ ಇಲ್ಲ. ಡಿಸ್ಕ್ರೀಟ್ (ಕಾಲವನ್ನು ಹೆಜ್ಜೆಗಳಾಗಿ ಎಣಿಸುವ) ಮಾದರಿಯಾದರೆ ಗೋಟುವಿನ ಮುಂಚೆ, ಸಿಗ್ನಲನ್ನು ಒಂದು ಹೆಜ್ಜೆ ತಡಮಾಡುವ ಯೂನಿಟ್ ಡಿಲೇ ಹಾಕಿ.

ಟ್ಯಾಗ್ ಹೆಸರು ಬದಲಿಸುವಾಗ ಒಂದೊಂದೇ ಫ್ರಮ್ ತೆರೆಯಬೇಡಿ. ಗೋಟು ಡಯಲಾಗಿನಲ್ಲಿ ‘ರೀನೇಮ್ ಆಲ್’ ಬಟನ್ ಇದೆ, ಅದರ ಟ್ಯಾಗ್ ಓದುವ ಬ್ಲಾಕುಗಳ ಪಟ್ಟಿಯೂ ಅಲ್ಲೇ ಇದೆ.