ಹತ್ತು ಯೂನಿಟ್ ಅಂದರೆ ಎಷ್ಟು?

ಪೆಪ್ಟೈಡ್ ಎಂಬ ಹೆಸರು ಹೊಸದಾಗಿ ಕೇಳಿಸಬಹುದು. ಅಮೈನೋ ಆಮ್ಲಗಳು ಸರಪಳಿಯಂತೆ ಕೂಡಿದ ಅಣುವೇ ಪೆಪ್ಟೈಡ್. ಆದರೆ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಕೂಡ 51 ಅಮೈನೋ ಆಮ್ಲಗಳ ಪೆಪ್ಟೈಡೇ. 1922ರಿಂದಲೂ ಜೀವ ಉಳಿಸುತ್ತಿದೆ. ತೂಕ ಇಳಿಸುವ ಔಷಧವೆಂದು ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್, ಉಂಡ ಮೇಲೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಹಾರ್ಮೋನಿನ ತಿದ್ದಿದ ರೂಪ. ಸಹಜ ಹಾರ್ಮೋನು ರಕ್ತದಲ್ಲಿ ಎರಡು ನಿಮಿಷದಲ್ಲೇ ಅರ್ಧಕ್ಕಿಳಿದರೆ, ಇದು ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ವಾರಕ್ಕೊಂದು ಚುಚ್ಚುಮದ್ದು ಸಾಕಾಗುವುದು ಅದಕ್ಕೇ. ಡೋಸು ಹೆಚ್ಚಾಗಿ ವಾಂತಿ ಹಿಡಿದರೆ ದಿನಗಟ್ಟಲೆ ಬಿಡದಿರುವುದೂ ಅದಕ್ಕೇ.

ಲಾಭ ನಿಜವಾದದ್ದು. ವಾರಕ್ಕೆ 2.4 ಮಿಲಿಗ್ರಾಂನಂತೆ 68 ವಾರ ಕೊಟ್ಟ ಪ್ರಯೋಗದಲ್ಲಿ ತೂಕ ಸರಾಸರಿ ಶೇ. 14.9 ಇಳಿಯಿತು, ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಶೇ. 2.4 ಮಾತ್ರ. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು. ಹಾಗಾಗಿ ಮದುವೆಗೆ ಮೂರು ತಿಂಗಳಿದೆ ಎಂದು ಶುರುಮಾಡುವ ಔಷಧ ಇದಲ್ಲ.

0.25 ಮಿಲಿಗ್ರಾಂನಿಂದ ಆರಂಭಿಸಿ ನಾಲ್ಕು ವಾರಕ್ಕೊಮ್ಮೆ ಏರಿಸುವುದು ಹೊಟ್ಟೆ ಒಗ್ಗಿಕೊಳ್ಳಲಿ ಎಂದು. ಅವಸರ ಮಾಡಿದರೆ ವಾಂತಿ, ನೀರಿನಂಶ ನಷ್ಟ, ಕೊನೆಗೆ ಕಿಡ್ನಿಗೆ ಪೆಟ್ಟು. ಈಗಾಗಲೇ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯಬಹುದು. ಅವುಗಳ ಪ್ರಮಾಣವನ್ನು ವೈದ್ಯರಿಂದಲೇ ಹೊಂದಿಸಿಕೊಳ್ಳಬೇಕು. ಬೆನ್ನಿಗೆ ಹಬ್ಬುವ ತೀವ್ರ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು: ಮುಂದಿನ ಡೋಸು ಬೇಡ, ನೇರ ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಈ ಔಷಧವೇ ಬೇಡ.

ನಿಜವಾದ ಭಯವಿರುವುದು ಆನ್‌ಲೈನಿನಲ್ಲಿ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಹಚ್ಚಿ ಮಾರುವ ಪೆಪ್ಟೈಡ್ ಪುಡಿಯ ವಯಲ್‌ಗಳಲ್ಲಿ. ಗಾಯ ಬೇಗ ಮಾಯುತ್ತದೆಂದು ಜಿಮ್‌ಗಳಲ್ಲಿ ಹೇಳುವ ಬಿಪಿಸಿ-157 ಎಂಬ ಪೆಪ್ಟೈಡಿಗೆ ಇರುವ ಆಧಾರ ಬಹುಪಾಲು ಇಲಿಗಳ ಮೇಲಿನ ಪ್ರಯೋಗ. ಕ್ರೀಡಾಪಟುಗಳಿಗೆ ಅದು 2022ರಿಂದ ನಿಷಿದ್ಧ. ಒಳಗಿರುವ ಪುಡಿ ಯಾವುದು, ಎಷ್ಟು ಶುದ್ಧ ಎಂಬುದನ್ನು ಕಣ್ಣಿನಿಂದ ತಿಳಿಯಲಾಗದು.

ಪುಡಿ ಶುದ್ಧವೇ ಎಂದಿಟ್ಟುಕೊಂಡರೂ ಲೆಕ್ಕ ತಪ್ಪುತ್ತದೆ. 5 ಮಿಲಿಗ್ರಾಂ ಸೆಮಾಗ್ಲುಟೈಡ್ ಪುಡಿಗೆ 2 ಎಂಎಲ್ ನೀರು ಬೆರೆಸಿದರೆ 0.25 ಮಿಲಿಗ್ರಾಂ ಎಂದರೆ 0.1 ಎಂಎಲ್. ಎಂಎಲ್‌ಗೆ 100 ಯೂನಿಟ್‌ನ ಕಿತ್ತಳೆ ಕ್ಯಾಪಿನ ಇನ್ಸುಲಿನ್ ಸಿರಿಂಜಿನಲ್ಲಿ ಅದು 10ನೇ ಗೆರೆ. ಆದರೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಎಂಎಲ್‌ಗೆ 40 ಯೂನಿಟ್‌ನ ಕೆಂಪು ಕ್ಯಾಪಿನ ಸಿರಿಂಜೂ ಸಿಗುತ್ತದೆ. ಅದರಲ್ಲಿ 10ನೇ ಗೆರೆಯೆಂದರೆ 0.25 ಎಂಎಲ್, ಅಂದರೆ ಎರಡೂವರೆ ಪಟ್ಟು ಡೋಸು! ಯೂನಿಟ್ ಇನ್ಸುಲಿನ್ನಿನ ಅಳತೆ, ಮಿಲಿಗ್ರಾಂ ಅಲ್ಲ. ಹಾಗಾಗಿ ಯಾರೋ ವಿಡಿಯೋದಲ್ಲಿ ಹೇಳಿದ ‘ಹತ್ತು ಯೂನಿಟ್’ ನಂಬಿ ಚುಚ್ಚಿಕೊಳ್ಳಬೇಡಿ.

ವೈದ್ಯರು ಬರೆದುಕೊಟ್ಟ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಪೆನ್ನನ್ನು ತೆರೆಯುವ ಮುನ್ನ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುತಟ್ಟೆಯಲ್ಲಿಡಿ. ಫ್ರೀಜರಿಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದರೆ, ಬೆಲೆ ಎಷ್ಟೇ ಇರಲಿ, ಕರಗಿಸಿ ಬಳಸಬೇಡಿ.