ನೀರಿಲ್ಲದ ಡ್ಯಾಮು, ಅದರೊಳಗೆ ಕ್ರಿಕೆಟ್ಟು

ಲಾಸ್ ಏಂಜಲೀಸ್‌ನಲ್ಲಿ 405 ಮತ್ತು 101 ಹೈವೇಗಳು ಕೂಡುವ ಜಾಗ ಟ್ರಾಫಿಕ್‌ಗೆ ಹೆಸರುವಾಸಿ. ಸಂಜೆ ಹೊತ್ತು ಅಲ್ಲಿ ಸಿಕ್ಕಿಹಾಕಿಕೊಂಡರೆ ನಮ್ಮ ಸಿಲ್ಕ್ ಬೋರ್ಡ್ ಎಷ್ಟೋ ವಾಸಿ ಅನ್ನಿಸುತ್ತದೆ. ಕಾರು ಮುಂದೆ ಹೋಗದೆ ಸುಮ್ನೆ ಕೂತಿರುವಾಗ ಪಕ್ಕಕ್ಕೆ ನೋಡಿದರೆ ಉದ್ದಕ್ಕೆ ಮಣ್ಣಿನ ಏರಿ, ನಡುವೆ ಕಾಂಕ್ರೀಟ್ ಕಂಬಗಳ ಸಾಲು ಕಾಣುತ್ತದೆ. ಅದು ಸೆಪುಲ್ವೆಡಾ ಡ್ಯಾಮ್. ದಿನವೂ ಅದರ ಪಕ್ಕದಲ್ಲೇ ಓಡಾಡುವ ಬಹಳ ಜನಕ್ಕೆ ಅದು ಡ್ಯಾಮು ಅಂತಲೇ ಹೊಳೆಯುವುದಿಲ್ಲ. ಅದರಲ್ಲಿ ನೀರೇ ಇರುವುದಿಲ್ಲವಲ್ಲ!

ನಾವಿರುವುದು ಸ್ಯಾನ್ ಫರ್ನಾಂಡೊ ವ್ಯಾಲಿಯಲ್ಲಿ. ಇಲ್ಲಿಯವರು ಬರೀ ‘ವ್ಯಾಲಿ’ ಅನ್ನುತ್ತಾರೆ. ನಮ್ಮನೆಯವರು ವಾರದ ಕೊನೆಗೆ ಕ್ರಿಕೆಟ್ ಆಡುವ ವುಡ್ಲಿ ಪಾರ್ಕ್ ಈ ಡ್ಯಾಮಿನ ಒಳಗೇ ಇದೆ. ಅಂದರೆ ನೀರು ನಿಲ್ಲಬೇಕಾದ ಜಾಗದಲ್ಲಿ. ಅಪ್ಪ ಅಮ್ಮ ಬಂದಾಗ ಅವರನ್ನು ಡಿಸ್ನಿಲ್ಯಾಂಡ್‌ಗಿಂತ ಮೊದಲು ಅಲ್ಲಿಗೇ ಕರೆದುಕೊಂಡು ಹೋದೆ. ಅದಕ್ಕೂ ಕಾರಣವಿದೆ. ಅಪ್ಪ ಭದ್ರಾ ಯೋಜನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಲಕ್ಕವಳ್ಳಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದ ನನಗೂ ಡ್ಯಾಮು ಅಂದರೆ ಒಂದು ಬಗೆಯ ತವರುಮನೆ.

ಕಾರಿಳಿದ ಅಪ್ಪನ ಮೊದಲ ಪ್ರಶ್ನೆ: “ಎಷ್ಟು ಟಿಎಂಸಿ?”

ಇಲ್ಲಿ ನೀರಿನ ಲೆಕ್ಕವೆಲ್ಲ ಎಕರೆ-ಅಡಿಯಲ್ಲಿ, ಅಂದರೆ ಒಂದು ಎಕರೆಯಲ್ಲಿ ಒಂದಡಿ ಎತ್ತರಕ್ಕೆ ನಿಲ್ಲುವಷ್ಟು ನೀರು. ಸುಮಾರು ಹದಿನೇಳು ಸಾವಿರ ಎಕರೆ-ಅಡಿ ಅಂದೆ. ಅಪ್ಪ ಬಾಯಲ್ಲೇ ಲೆಕ್ಕ ಹಾಕಿದರು. “ಮುಕ್ಕಾಲು ಟಿಎಂಸಿ. ಭದ್ರಾದಲ್ಲಿ 71 ಟಿಎಂಸಿ ನಿಲ್ಲುತ್ತೆ. ಇದನ್ನ ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ ಪುಟ್ಟಿ?”

ಅಪ್ಪನ ಮಾತಿನಲ್ಲಿ ತಪ್ಪೇನಿಲ್ಲ. ಡ್ಯಾಮಿನ ಎತ್ತರ 57 ಅಡಿ ಅಷ್ಟೇ. ಉದ್ದ ಮಾತ್ರ ಮೂರು ಮೈಲಿಯ ಹತ್ತಿರ. ಆದರೆ ಕೆಳಗಿನ ತೂಬುಗಳನ್ನು ನೋಡಿದ ಮೇಲೆ ಅವರ ಮುಖವೇ ಬದಲಾಯಿತು. ಕೆಲವು ತೂಬುಗಳಿಗೆ ಗೇಟಿದೆ, ಕೆಲವಕ್ಕೆ ಗೇಟೇ ಇಲ್ಲ. ಯಾವಾಗಲೂ ತೆರೆದೇ ಇರುತ್ತವೆ. ಬಂದ ನೀರು ಬಂದ ಹಾಗೇ ಆಚೆ ಹೋಗುತ್ತದೆ. ತೂಬುಗಳು ಸಾಗಿಸುವುದಕ್ಕಿಂತ ಜಾಸ್ತಿ ನೀರು ಬಂದರೆ ಮಾತ್ರ ಉಳಿದದ್ದು ಹಿಂದೆ ನಿಲ್ಲುತ್ತದೆ. ಮಳೆ ನಿಂತ ಮೇಲೆ ಅದೂ ಹೋಗಿ ಮತ್ತೆ ನೆಲ ಕಾಣುತ್ತದೆ. ಯಾರೂ ಗೇಟು ಮುಟ್ಟದಿದ್ದರೂ ಡ್ಯಾಮು ಅರ್ಧ ಕೆಲಸ ತಾನೇ ಮಾಡಿಕೊಳ್ಳುತ್ತದೆ.

“ಇದು ನೀರು ಹಿಡಿಯೋ ಡ್ಯಾಮಲ್ಲ ಕಣೇ, ನೀರನ್ನ ಸ್ವಲ್ಪ ಹೊತ್ತು ನಿಲ್ಲಿಸಿ ಬಿಡೋ ಡ್ಯಾಮು,” ಅಂದರು ಅಪ್ಪ. ಆಮೇಲೆ ಆ ಕಡೆ ಈ ಕಡೆ ಓಡಾಡಿ ಫೋಟೋ ತೆಗೆದದ್ದೇ ತೆಗೆದದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟು ಕೊಚ್ಚಿ ಹೋದಾಗ ಟಿವಿ ಮುಂದೆ ಊಟ ಬಿಟ್ಟು ಕೂತಿದ್ದ ಮನುಷ್ಯ ಅವರು. ಗೇಟೇ ಇಲ್ಲದ ತೂಬು ಅವರಿಗೆ ಅಷ್ಟು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಕಟ್ಟಲು ಕಾರಣ 1938ರ ನೆರೆ. ಈ ಊರಿಗೆ ವರ್ಷಕ್ಕೆ ಬೀಳುವುದು 14-15 ಇಂಚು ಮಳೆ, ನಮ್ಮ ಚಿತ್ರದುರ್ಗಕ್ಕಿಂತ ಕಮ್ಮಿ. ಆದರೆ ಬಂದಾಗ ಒಟ್ಟಿಗೇ ಬರುತ್ತದೆ. ಪಕ್ಕದಲ್ಲೇ ಕಡಿದಾದ ಬೆಟ್ಟಗಳಿರುವುದರಿಂದ ಅಲ್ಲಿ ಬಿದ್ದ ನೀರು ಕೆಲವೇ ಗಂಟೆಯಲ್ಲಿ ಊರೊಳಗಿರುತ್ತದೆ. ಹಿಂದೆ ಇಲ್ಲಿನ ನದಿಗೆ ಗೊತ್ತಾದ ದಾರಿಯೇ ಇರಲಿಲ್ಲ. 1825ರವರೆಗೆ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದದ್ದು ಒಂದು ನೆರೆಯಲ್ಲಿ ದಾರಿ ಬದಲಿಸಿ ದಕ್ಷಿಣಕ್ಕೆ, ಈಗಿನ ಲಾಂಗ್ ಬೀಚ್ ಕಡೆ ಹೊರಟಿತು. ಅಂಥ ನದಿಯ ದಡದಲ್ಲಿ ಸೈಟು ಮಾಡಿ ಮಾರಿದರು. 1938ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಎರಡು ಬಿರುಮಳೆ ಬೆನ್ನುಬೆನ್ನಿಗೆ ಬಂದವು. ನೂರರ ಆಸುಪಾಸು ಜನ ಸತ್ತರು. ಸಾವಿರಾರು ಮನೆ ಹೋದವು. ಆ ವರ್ಷದ ಆಸ್ಕರ್ ಸಮಾರಂಭವನ್ನೇ ಒಂದು ವಾರ ಮುಂದಕ್ಕೆ ಹಾಕಬೇಕಾಯಿತು.

ಆಮೇಲೆ ಅಮೆರಿಕದ ಸೈನ್ಯದ ಎಂಜಿನಿಯರ್‌ಗಳು ಬಂದರು. ಹೌದು, ಇಲ್ಲಿ ನೆರೆ ತಡೆಯುವ ಡ್ಯಾಮುಗಳನ್ನು ಕಟ್ಟುವುದು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಸೆಪುಲ್ವೆಡಾ ಡ್ಯಾಮು 1941ಕ್ಕೆ ಮುಗಿಯಿತು. ಜೊತೆಗೇ 51 ಮೈಲಿ ಉದ್ದದ ನದಿಯ ಬಹುಭಾಗವನ್ನು ತಳ, ದಡ ಎಲ್ಲ ಸೇರಿಸಿ ಕಾಂಕ್ರೀಟ್ ಮಾಡಿಬಿಟ್ಟರು. ಹಾಲಿವುಡ್ ಸಿನಿಮಾಗಳಲ್ಲಿ ಕಾರುಗಳು ಅಟ್ಟಾಡಿಸಿಕೊಂಡು ಓಡುವ ಆ ದೊಡ್ಡ ಒಣ ಕಾಲುವೆಯನ್ನು ನೀವು ನೋಡೇ ಇರುತ್ತೀರಿ. ಅದೇ ಲಾಸ್ ಏಂಜಲೀಸ್ ನದಿ. ನನ್ನ ಪ್ರಕಾರ ಅದು ನದಿಯಲ್ಲ, ರಾಜಕಾಲುವೆ. ನೆರೆ ನಿಂತಿತು ನಿಜ. ಆದರೆ ಮಳೆಗಾಗಿ ಬಾಯಿಬಿಡುವ ಊರು ಬಿದ್ದ ಮಳೆಯನ್ನೆಲ್ಲ ಆದಷ್ಟು ಬೇಗ ಸಮುದ್ರಕ್ಕೆ ಓಡಿಸಿ, ಕುಡಿಯಲು ನೂರಾರು ಮೈಲಿ ಆಚೆಯಿಂದ ನೀರು ತರಿಸುತ್ತದೆ.

ಡ್ಯಾಮಿನ ಹಿಂದಿನ ಜಾಗದ ಕತೆ ಬೇರೆ. ಸುಮಾರು 2000 ಎಕರೆ. ಒಂದು ಸಾಧಾರಣ ಮನೆಗೆ ಹತ್ತು ಲಕ್ಷ ಡಾಲರ್ ಆಸುಪಾಸು ಕೇಳುವ ವ್ಯಾಲಿಯ ನಟ್ಟನಡುವೆ 2000 ಎಕರೆ! ಅದರಲ್ಲಿ ಒಂದೂ ಬಡಾವಣೆ ಇಲ್ಲ. ಜಮೀನು ಸೈನ್ಯದ ಎಂಜಿನಿಯರ್‌ಗಳದ್ದು. ಬಹುಪಾಲನ್ನು ನಗರಪಾಲಿಕೆಗೆ ಪಾರ್ಕು ಮಾಡಿಕೊಳ್ಳಲು ಗುತ್ತಿಗೆಗೆ ಕೊಟ್ಟಿದ್ದಾರೆ. ಆದರೆ ಯಾವತ್ತು ಬೇಕಾದರೂ ನೀರು ನುಗ್ಗಬಹುದು, ನುಗ್ಗಿದರೆ ಜಾಗ ಬಿಟ್ಟುಕೊಡಬೇಕು. ಅದಕ್ಕೇ ಇಲ್ಲಿರುವುದು ಬಹುಪಾಲು ಮುಳುಗಿದರೂ ಪರವಾಗಿಲ್ಲ ಅನ್ನುವಂಥವು: ಗಾಲ್ಫ್ ಮೈದಾನ, ಸೈಕಲ್ ದಾರಿ, ಆಟಿಕೆ ವಿಮಾನ ಹಾರಿಸುವ ಪುಟ್ಟ ರನ್‌ವೇ, ಹಕ್ಕಿಗಳಿಗೆ ಮೀಸಲಿಟ್ಟ ಕಾಡು, ಮತ್ತೆ ನಮ್ಮ ಕ್ರಿಕೆಟ್ ಮೈದಾನಗಳು. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಕನ್ನಡ, ತೆಲುಗು, ಪಂಜಾಬಿ, ಸಿಂಹಳ, ಜಮೈಕಾದ ಇಂಗ್ಲಿಷ್ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. “ನಮ್ಮಲ್ಲಿ ಮುಳುಗಡೆ ಜಮೀನು ಅಂದ್ರೆ ಅಳು. ಇಲ್ಲಿ ಎಲ್‌ಬಿಡಬ್ಲ್ಯೂ ಅಂತ ಕಿರುಚ್ತಾರೆ,” ಅಂದರು ಅಪ್ಪ.

ಇಷ್ಟು ಹೊತ್ತೂ ಸುಮ್ಮನಿದ್ದ ಅಮ್ಮನಿಗೆ ಮನಸ್ಸಾದದ್ದು ಅಲ್ಲೇ ಇರುವ ಬಾಲ್ಬೋವಾ ಕೆರೆಯ ಮೇಲೆ. 27 ಎಕರೆಯ ಕೆರೆ, ಸುತ್ತ ಚೆರ್ರಿ ಮರಗಳು, ಹಂಸದ ಆಕಾರದ ಪೆಡಲ್ ದೋಣಿಗಳು, ಸಾಲಾಗಿ ನಡೆಯುವ ಬಾತುಗಳು. ಕೆರೆ ಯಾವ ಹೊಳೆಯಿಂದ ತುಂಬುತ್ತದೆ ಅಂತ ಅಮ್ಮ ಕೇಳಿದರು. ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ಪಕ್ಕದಲ್ಲೇ ಟಿಲ್‌ಮನ್ ನೀರು ಶುದ್ಧೀಕರಣ ಘಟಕವಿದೆ. 1985ರಿಂದ ವ್ಯಾಲಿಯ ಒಳಚರಂಡಿ ನೀರನ್ನು ಮೂರು ಹಂತದಲ್ಲಿ ಶುದ್ಧ ಮಾಡಿ ಕೆರೆಗೆ, ನದಿಗೆ ಬಿಡುವುದು ಅದೇ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ನದಿಯಲ್ಲಿ ಹರಿಯುವುದು ಹೆಚ್ಚಾಗಿ ಇಂಥ ಸಂಸ್ಕರಿಸಿದ ನೀರೇ. ಅದೂ ಇಲ್ಲದಿದ್ದರೆ ನದಿ ಬಹುಪಾಲು ಒಣಗಿರುತ್ತಿತ್ತು.

ಅಮ್ಮ ಶಿವ ಶಿವಾ ಅಂತಾರೆ ಅಂದುಕೊಂಡಿದ್ದೆ. ಅವರ ತವರು ಕೋಲಾರದ ಕಡೆ. “ಹಾಗಾದ್ರೆ ಇದೂ ಕೆಸಿ ವ್ಯಾಲಿನೇ ಅನ್ನು. 2018ರಿಂದ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಮ್ಮೂರ ಕಡೆ ಕೆರೆಗಳಿಗೆ ಬಿಡ್ತಾ ಇಲ್ವಾ? ಬೋರ್‌ವೆಲ್‌ನಲ್ಲಿ ನೀರು ಬಂತು ಅಂತ ನಿಮ್ಮ ಮಾವ ಖುಷಿಯಾಗವ್ನೆ. ಆದ್ರೆ ಮೂರನೇ ಹಂತ ಮಾಡ್ಲಿಲ್ಲ ಅಂತ ಊರೋರು ಇನ್ನೂ ಜಗಳ ಆಡ್ತಾವ್ರೆ.” ಅಮ್ಮನಿಗೆ ಇಷ್ಟೆಲ್ಲ ಗೊತ್ತು ಅಂತ ನನಗೇ ಗೊತ್ತಿರಲಿಲ್ಲ. ಇಲ್ಲಿಯೂ ಇದೇ ನೀರನ್ನು ಇನ್ನಷ್ಟು ಶುದ್ಧ ಮಾಡಿ ಅಂತರ್ಜಲಕ್ಕೆ ಸೇರಿಸುವ ಯೋಜನೆ ಶುರುವಾಗಿದೆ.

ಆ ಘಟಕದ ಅಂಗಳದಲ್ಲೇ ಆರೂವರೆ ಎಕರೆಯ ಜಪಾನಿ ತೋಟವಿದೆ. ಕೊಯಿಚಿ ಕವಾನಾ ರೂಪಿಸಿದ್ದು, 1984ರಲ್ಲಿ ಶುರುವಾದದ್ದು. ಅದರ ಕೊಳದಲ್ಲಿರುವುದೂ ಅದೇ ನೀರು. ಅಲ್ಲಿ ಮದುವೆ ಫೋಟೋ ತೆಗೆಸುವವರಿಗೆ ಇದನ್ನು ಯಾರೂ ನೆನಪಿಸುವುದಿಲ್ಲ.

ಹಕ್ಕಿ ಕಾಡಿನ ಕಡೆ ನಡೆಯುವಾಗ ಅಪ್ಪ ಒಂದು ವಿಲೋ ಮರದ ಕೆಳಗೆ ನಿಂತುಬಿಟ್ಟರು. ಕೊಂಬೆಗಳಲ್ಲಿ ಪ್ಲಾಸ್ಟಿಕ್ ಚೀಲಗಳು ಚಿಂದಿಯಾಗಿ ಜೋತುಬಿದ್ದಿದ್ದವು. ಒಂದು ಹರಿದ ಟೀ-ಶರ್ಟು, ಒಣ ಜೊಂಡಿನ ಕಂತೆ ಕೂಡ. ಎಲ್ಲವೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ, ಅಪ್ಪ ಕೈ ಎತ್ತಿದರೂ ಸಿಗದಷ್ಟು ಮೇಲೆ. “ನೀರು ಇಲ್ಲೀ ತನಕ ಬಂದಿತ್ತು,” ಅಂದರು. ನಾವು ನಿಂತ ನೆಲದಲ್ಲಿ ಆಗ ಧೂಳು ಹಾರುತ್ತಿತ್ತು.

ನಾನು ಅದನ್ನು ಕಣ್ಣಾರೆ ನೋಡಿದ್ದು 2024ರ ಫೆಬ್ರವರಿಯಲ್ಲಿ. ಡೌನ್‌ಟೌನ್‌ನಲ್ಲಿ ಎರಡೇ ದಿನಕ್ಕೆ 7 ಇಂಚು ಮಳೆ, ಅಂದರೆ ವರ್ಷದ ಅರ್ಧ ಮಳೆ. ಡ್ಯಾಮಿನ ಒಳಗೆ ಹಾದುಹೋಗುವ ಬರ್ಬ್ಯಾಂಕ್ ಬುಲವಾರ್ಡ್, ವುಡ್ಲಿ ಅವೆನ್ಯೂ ಎರಡೂ ಬಂದ್. ದೂರದಿಂದ ನೋಡಿದರೆ ಕಂದು ಬಣ್ಣದ ನೀರು, ಮರಗಳ ತಲೆ ಮಾತ್ರ ಮೇಲೆ. ಈಗ ರಸ್ತೆ ಮೊದಲೇ ಮುಚ್ಚುತ್ತಾರೆ. 1992ರ ಫೆಬ್ರವರಿಯಲ್ಲಿ ನೀರು ಎಷ್ಟು ಬೇಗ ಏರಿತೆಂದರೆ ಅದೇ ಬರ್ಬ್ಯಾಂಕ್ ಬುಲವಾರ್ಡ್‌ನಲ್ಲಿ ಹತ್ತಾರು ಜನ ಕಾರಿನ ಟಾಪ್ ಹತ್ತಿ ಕೂತಿದ್ದರು. ಕೆಲವರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಅಷ್ಟಾದರೂ ಡ್ಯಾಮಿನ ಕೆಳಗಿನ ಬಡಾವಣೆಗಳಲ್ಲಿ ಅಂಥ ನೆರೆ ಬರಲಿಲ್ಲ. ಕಟ್ಟಿದ್ದೇ ಅದಕ್ಕೆ ತಾನೇ.

ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಜಮೀನಿನ ಯಜಮಾನರಿಗೆ ಮೊದಲು ನೀರಿನ ದಾರಿ, ಆಮೇಲೆ ಮಿಕ್ಕಿದ್ದು. 2012ರ ಡಿಸೆಂಬರ್‌ನಲ್ಲಿ ಹಕ್ಕಿಗಳ ಜಾಗದಲ್ಲೇ ಸುಮಾರು 43 ಎಕರೆ ಗಿಡಮರಗಳನ್ನು ಬುಲ್ಡೋಜರ್ ಹಚ್ಚಿ ನೆಲಸಮ ಮಾಡಿದರು. ಪಕ್ಷಿಪ್ರಿಯರು ಬೊಬ್ಬೆ ಹೊಡೆದರು. ಪೊದೆಗಳ ಮರೆಯಲ್ಲಿ ಟೆಂಟು ಹಾಕಿಕೊಂಡ ಮನೆಯಿಲ್ಲದವರೂ ಇದ್ದಾರೆ. ಮಳೆ ಬಂದರೆ ಮೊದಲು ಅಪಾಯ ಅವರಿಗೇ. ಇನ್ನೊಂದು ತಮಾಷೆ ಕೇಳಿ. ಲಾಸ್ ಏಂಜಲೀಸ್ ನದಿ ದೋಣಿ ಓಡುವ ನದಿಯೇ ಅಲ್ಲ ಅನ್ನುವ ವಾದ ಬಂದಾಗ 2008ರಲ್ಲಿ ಕೆಲವರು ಕಯಾಕ್ ಹತ್ತಿ ನದಿಯುದ್ದಕ್ಕೂ ಹೋಗಿ ತೋರಿಸಿದರು. 2010ರಲ್ಲಿ ಪರಿಸರ ಇಲಾಖೆ ಇದು ದೋಣಿ ಓಡುವ ನದಿಯೇ ಅಂತ ಒಪ್ಪಿತು, ಶುದ್ಧ ನೀರಿನ ಕಾಯ್ದೆಯ ರಕ್ಷಣೆಯೂ ಗಟ್ಟಿಯಾಯಿತು. ಈಗ ಬೇಸಿಗೆಯಲ್ಲಿ ಡ್ಯಾಮಿನ ಹಿಂದೆ, ತಳಕ್ಕೆ ಕಾಂಕ್ರೀಟ್ ಹಾಕದೆ ಉಳಿದ ಭಾಗದಲ್ಲಿ, ಯಾರು ಬೇಕಾದರೂ ಕಯಾಕ್ ಇಳಿಸಬಹುದು.

ಬೆಂಗಳೂರಿನ ಗೆಳೆಯರಿಗೆ ಈ ಫೋಟೋಗಳನ್ನು ಕಳಿಸಿದಾಗೆಲ್ಲ ಮಾತು 2022ರ ಸೆಪ್ಟೆಂಬರ್‌ಗೆ ಹೋಗುತ್ತದೆ. ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ದಿನಗಳು. “ನಮ್ಮಲ್ಲಿ 2000 ಎಕರೆ ಖಾಲಿ ಬಿಟ್ಟಿದ್ರೆ ಮಾರನೇ ದಿನವೇ ಲೇಔಟ್ ಬೋರ್ಡ್ ಬೀಳ್ತಿತ್ತು,” ಅಂತ ಒಬ್ಬ ಬರೆದ. ಇಲ್ಲಿನವರೇನೂ ಸಾಧುಗಳಲ್ಲ ಅಂತ ಅವನಿಗೆ ಹೇಳಿದೆ. ಜಮೀನು ಸೈನ್ಯದ ಕೈಯಲ್ಲಿಲ್ಲದೆ ಊರಿನ ಕೈಯಲ್ಲಿದ್ದಿದ್ದರೆ ಇಷ್ಟರಲ್ಲಿ ಏನಾಗಿರುತ್ತಿತ್ತೋ ಊಹಿಸುವುದು ಕಷ್ಟವಲ್ಲ.

2028ರ ಒಲಿಂಪಿಕ್ಸ್‌ಗೆ ಇಲ್ಲಿ ಸ್ಕೇಟ್‌ಬೋರ್ಡಿಂಗ್, ಬಿಎಂಎಕ್ಸ್ ಸೈಕಲ್ ಸ್ಪರ್ಧೆ ನಡೆಸುವ ಯೋಜನೆಯಿದೆ. ಜುಲೈನಲ್ಲಿ ಇಲ್ಲಿ ಮಳೆ ಬರುವುದು ಅಪರೂಪ, ಹಾಗಾಗಿ ಚಿಂತೆಯಿಲ್ಲ. ಒಲಿಂಪಿಕ್ಸ್‌ಗೆ ಕ್ರಿಕೆಟ್ ಕೂಡ ವಾಪಸ್ ಬರುತ್ತಿದೆ, ಆದರೆ ಅದು ಪೊಮೋನಾ ಊರಿನ ಪಾಲಾಯಿತು. ವುಡ್ಲಿಯಲ್ಲಿ ಆಡುವವರಿಗೆಲ್ಲ ಇದರ ಮೇಲೆ ಸಿಟ್ಟು.

ಈ ಕಡೆ ಬರುವವರಿದ್ದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಬನ್ನಿ, ಕೆರೆಯ ಸುತ್ತ ಚೆರ್ರಿ ಹೂವು ಬಿಟ್ಟಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಪಾರ್ಕಿಂಗ್ ಸಿಗುತ್ತದೆ. ಕ್ಯಾಲಬಾಸಸ್‌ನ ವೆಂಕಟೇಶ್ವರ ದೇವಸ್ಥಾನವೂ ಇಲ್ಲಿಗೆ ಹತ್ತಿರ, ಒಂದೇ ದಿನದಲ್ಲಿ ಎರಡೂ ಮುಗಿಸಬಹುದು. ಆದರೆ ಅದು ಮಳೆಯ ತಿಂಗಳೂ ಹೌದು. ಮಳೆ ಇದೆ ಅಂತ ಮುನ್ಸೂಚನೆ ಇದ್ದರೆ ಆವತ್ತು ದೇವಸ್ಥಾನಕ್ಕಷ್ಟೇ ಹೋಗಿ.