ಬಂಗಾರದ ನಾಣ್ಯ ಬೇಡ, ರೇಟ್ ಇಳಿಸಿ

9 ನವೆಂಬರ್ 2025, ಭಾನುವಾರ ರಾತ್ರಿ

ಊಟ ಮುಗಿಸಿ ಈಗ ಕೂತೆ. ಕನಕಪುರ ರಸ್ತೆಯ ಫ್ಲ್ಯಾಟಿನ ಮಾತುಕತೆ ಇವತ್ತು ದಡ ಮುಟ್ಟಿತು. ಮೂರು ಸಲ ಹೋಗಿ ಬಂದದ್ದಾಯ್ತು. ಮರೆಯುವ ಮೊದಲು ಎಲ್ಲ ಬರೆದಿಡುತ್ತೇನೆ, ಹೊಸ ಮನೆ ನೋಡುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಲೆಕ್ಕ. ಐದನೇ ಮಹಡಿ, ಎರಡು ಬೆಡ್‌ರೂಮ್, ಗೋಡೆ, ಮೆಟ್ಟಿಲು, ಲಿಫ್ಟಿನ ಪಾಲು ಎಲ್ಲ ಸೇರಿ 1,180 ಚದರಡಿ. ಒಳಗೆ ನಾವು ಓಡಾಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 790 ಮಾತ್ರ. ಚದರಡಿಗೆ 7,400 ಅಂದರು. ಅಲ್ಲಿಗೆ 87,32,000. ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲ ಮಹಡಿ ದಾಟಿದ ಮೇಲೆ ಒಂದೊಂದು ಮಹಡಿಗೂ ಚದರಡಿಗೆ 25 ರೂಪಾಯಿ ಜಾಸ್ತಿ, ನಮ್ಮದಕ್ಕೆ 1,18,000. ಕಾರ್ ಪಾರ್ಕಿಂಗ್ 3,50,000. ಕ್ಲಬ್ ಹೌಸ್ 2 ಲಕ್ಷ. ಬೆಸ್ಕಾಂ, ಜಲಮಂಡಳಿ ಅಂತ 2,36,000. ಲೀಗಲ್ ಅಂತ 50,000. ಎರಡು ವರ್ಷದ ಮೇಂಟೆನೆನ್ಸ್ ಮುಂಗಡ, ಕಟ್ಟಡದ ಮುಂದಿನ ಖರ್ಚಿಗೆ ಎತ್ತಿಡುವ ಕಾರ್ಪಸ್ ಫಂಡ್ ಬೇರೆ. ಕಟ್ಟುತ್ತಿರುವ ಮನೆಯಾದ್ದರಿಂದ ಶೇ 5 ಜಿಎಸ್‌ಟಿ. ಆಮೇಲೆ ರಿಜಿಸ್ಟ್ರೇಷನ್. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು ಈ ಆಗಸ್ಟ್ 31ರಿಂದ ಶೇ 2 ಆಗಿದೆ. ಎರಡೂ ಸೇರಿ ಶೇ 7.6.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಈ ಹಾಳೆ ಕೈಗೆ ಬಂದ ದಿನ ರಾತ್ರಿ ಮೂರು ಸಲ ಕೂಡಿದೆ. ಮೂರು ಸಲವೂ ಎದೆ ಝಲ್ ಅಂತು.

ಮೊದಲ ಸಲ ಹೋಗಿದ್ದು ದೀಪಾವಳಿ ಮುಗಿದ ಭಾನುವಾರ. ಹಬ್ಬದ ಆಫರ್ ಇನ್ನೂ ಇದೆ ಮೇಡಂ, ತಿಂಗಳ ಕೊನೆ ತನಕ ಅಂದ ಸೇಲ್ಸ್ ಹುಡುಗ. ಎರಡೂವರೆ ಲಕ್ಷದ ಮಾಡ್ಯುಲರ್ ಕಿಚನ್ ಉಚಿತ, ಜೊತೆಗೆ ಒಂದು ಬಂಗಾರದ ನಾಣ್ಯ. ನಮ್ಮ ಯಜಮಾನರ ಮುಖ ಅರಳಿತು. ನನಗೂ ಆಸೆ ಆಗದೇ ಇರಲಿಲ್ಲ. ಹೊಸ ಮನೆಗೆ ಹೊಸ ಅಡುಗೆಮನೆ ಅಂದರೆ ಯಾರಿಗೆ ಬೇಡ?

ಆದರೆ ಮಾಡೆಲ್ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಬಾಗಿಲು ತೆಗೆದು ನೋಡಿದೆ. ಬಾಗಿಲಿನ ಅಂಚಿಗೆ ಅಂಟಿಸಿದ ಪಟ್ಟಿ ಒಂದು ಮೂಲೆಯಲ್ಲಿ ಎದ್ದಿತ್ತು. ಉಗುರು ಕೊಟ್ಟರೆ ಇನ್ನಷ್ಟು ಬಂತು. ಒಳಗೆ ಪ್ಲೈವುಡ್ಡಿನ ಪದರ ಕಾಣಲಿಲ್ಲ, ಮರದ ಪುಡಿ ಒತ್ತಿ ಮಾಡಿದ ಹಲಗೆ. ತಳದ ಹಲಗೆ ನೀರು ಕುಡಿದು ಒಂದು ಕಡೆ ಉಬ್ಬಿತ್ತು, ಬೆರಳು ಆಡಿಸಿದರೆ ಅವಲಕ್ಕಿ ನೆನೆದ ಹಾಗೆ ಮೆತ್ತಗೆ. ಅಲ್ಲಿ ಯಾರೂ ದಿನಾ ಪಾತ್ರೆ ತೊಳೆಯುವುದಿಲ್ಲ. ನೋಡಲು ಬಂದವರು ಕೈ ತೊಳೆದ ನೀರಿಗೇ ಹೀಗಾಗಿದ್ದರೆ, ದೋಸೆ ಹಿಟ್ಟು ರುಬ್ಬಿ, ಹಂಡೆಗಟ್ಟಲೆ ಪಾತ್ರೆ ತೊಳೆಯುವ ನಮ್ಮ ಮನೆಯಲ್ಲಿ ಎಷ್ಟು ದಿನ ಬಾಳುತ್ತದೆ?

ಮನೆಗೆ ಬಂದು ಯೋಚಿಸಿದೆ. ಉಚಿತ ಅಂತ ಕೊಡುವ ಅಡುಗೆಮನೆಯ ದುಡ್ಡು ಮನೆಯ ಬೆಲೆಯಲ್ಲೇ ಕೂತಿರುತ್ತದೆ, ಅಲ್ವಾ? ಆ ಬೆಲೆಗೆ ಸಾಲ ತೆಗೆಯುತ್ತೇವೆ. ಅಂದರೆ ಸಿಂಕಿನ ಕೆಳಗಿನ ಆ ಹಲಗೆಗೆ ಇಪ್ಪತ್ತು ವರ್ಷ ಬಡ್ಡಿ ಕಟ್ಟುತ್ತೇವೆ. ಅದೇ ಬೆಲೆಯ ಮೇಲೆ ಜಿಎಸ್‌ಟಿ, ಅದೇ ಬೆಲೆಯ ಮೇಲೆ ಸ್ಟ್ಯಾಂಪ್ ಡ್ಯೂಟಿ. ಉಡುಗೊರೆ ಬೇಡ, ಆ ಹಣವನ್ನು ಅಗ್ರಿಮೆಂಟಿನ ಬೆಲೆಯಲ್ಲೇ ಕಡಿಮೆ ಮಾಡಿ ಅಂದರೆ ತೆರಿಗೆಯೂ ಇಳಿಯುತ್ತದೆ, ಸಾಲವೂ ಇಳಿಯುತ್ತದೆ. ಇಷ್ಟು ಹೊಳೆದ ಮೇಲೆ ಇವರಿಗೆ ಹೇಳಿದೆ, ನಾಣ್ಯದ ಮಾತು ಬಿಟ್ಟುಬಿಡಿ ಅಂತ.

ಎರಡನೇ ಸಲ ರಾಜ್ಯೋತ್ಸವದ ದಿನ, ನಾವಿಬ್ಬರೇ. ಚದರಡಿಗೆ 400 ಇಳಿಸಿ ಅಂತ ಕೇಳಿದೆ. ಹುಡುಗ ರೇಟ್ ಇಳಿಸುವ ಅಧಿಕಾರ ನನಗಿಲ್ಲ ಅಂದ. ಪಾಪ, ಅವನು ಹೇಳಿದ್ದು ನಿಜವೇ. ಒಂದು ಮಿತಿ ತನಕ ಅವನು, ಆಮೇಲೆ ಮ್ಯಾನೇಜರ್, ಅದರ ಮೇಲೆ ಮಾಲೀಕರು. ಮ್ಯಾನೇಜರ್ ಬಂದು ಕೂತು, ಪಾರ್ಟ್‌ನರ್ ಬ್ಯಾಂಕಿನ ಸ್ಕೀಮ್ ಇದೆ, ಕೀ ಕೊಡುವ ತನಕ ನಿಮ್ಮ ಇಎಂಐ ನಾವೇ ಕಟ್ಟುತ್ತೇವೆ ಅಂದರು. ಕೇಳಲು ಬಲು ಚೆಂದ. ಆದರೆ ಸಾಲ ಇರುವುದು ನಮ್ಮ ಹೆಸರಿನಲ್ಲಿ. ಅವರು ಕಟ್ಟುವುದು ನಿಲ್ಲಿಸಿದರೆ ಬ್ಯಾಂಕಿನವರು ಬರುವುದು ನಮ್ಮ ಮನೆ ಬಾಗಿಲಿಗೆ. ದೆಹಲಿಯ ಸುತ್ತಮುತ್ತ ಸಾವಿರಾರು ಜನ ಹೀಗೇ ಸಿಕ್ಕಿಕೊಂಡರು. ಇಂಥ ಸ್ಕೀಮುಗಳಿಂದ ದೂರ ಇರಿ ಅಂತ ನ್ಯಾಷನಲ್ ಹೌಸಿಂಗ್ ಬ್ಯಾಂಕ್ 2019ರಲ್ಲೇ ಗೃಹಸಾಲ ಕಂಪನಿಗಳಿಗೆ ಹೇಳಿತ್ತು. ಈ ವರ್ಷ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸಿಬಿಐ ತನಿಖೆಗೆ ಆದೇಶ ಮಾಡಿದೆ. ಬೇಡವೇ ಬೇಡ ಅಂದೆವು.

ಅವತ್ತು ಏನೂ ತೀರ್ಮಾನ ಆಗಲಿಲ್ಲ. ನಾಳೆ ರೇಟ್ ಏರುತ್ತದೆ, ಇವತ್ತೇ ಟೋಕನ್ ಕೊಡಿ ಅಂತ ಒತ್ತಾಯ ಮಾಡಿದರು. ಕೊಡಲಿಲ್ಲ. ಎಂಟು ದಿನ ಕಳೆದರೂ ರೇಟ್ ಅಲ್ಲೇ ಇತ್ತು. ಅವರೇ ಎರಡು ಸಲ ಫೋನ್ ಮಾಡಿದರು.

ಇವತ್ತು ಮಾವನನ್ನೂ ಕರೆದುಕೊಂಡು ಹೋದೆವು. ಮಾವ ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮ್ಯಾನೇಜರ್ ಜೊತೆ ನಾನು ಮಾತಿಗೆ ಕೂತೆ.

ನಾನು ಹೇಳಿದ್ದು ಎರಡು ಮಾತು. ಒಂದು, ನಾವು ಯಾವ ಏಜೆಂಟ್ ಕಡೆಯಿಂದಲೂ ಬಂದವರಲ್ಲ, ಬೋರ್ಡ್ ನೋಡಿ ನೇರ ಬಂದವರು. ಏಜೆಂಟ್ ಕರೆತಂದಿದ್ದರೆ ಅವರಿಗೆ ಕಮಿಷನ್ ಕೊಡಬೇಕಿತ್ತು, ಆ ದುಡ್ಡು ನಮಗೆ ಬಿಡಿ. ಎರಡು, ಸಿಮೆಂಟಿನ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು ಶೇ 18ಕ್ಕೆ ಬಂದಿದೆ. ಮನೆ ಕಟ್ಟುವವರಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ, ಖರ್ಚಿಗೇ ಸೇರುತ್ತದೆ. ಹಾಗಾಗಿ ಅದು ಇಳಿದರೆ ನಿಮ್ಮ ಖರ್ಚೂ ಇಳಿಯುತ್ತದೆ, ಅದರಲ್ಲಿ ನಮಗೂ ಸ್ವಲ್ಪ ಪಾಲು ಬರಬೇಕು. ಮ್ಯಾನೇಜರ್ ಒಂದು ಕ್ಷಣ ಸುಮ್ಮನಾದರು. ಸರ್‌ನ ಕೇಳಿ ಬರ್ತೀನಿ ಅಂತ ಒಳಗೆ ಹೋದರು.

ಇಪ್ಪತ್ತು ನಿಮಿಷ ಆಯ್ತು. ಕಾಫಿ ಬಂತು, ತಣ್ಣಗಾಯ್ತು.

ವಾಪಸ್ ಬಂದು ಅವರು ಬಿಚ್ಚಿ ಹೇಳಿದ ಮಾತು ನನಗೆ ಹಿಡಿಸಿತು. ರೇಟ್ ಜಾಸ್ತಿ ಇಳಿಸಿದರೆ ನಾಳೆ ಬರುವವರು ಅದೇ ರೇಟ್ ಕೇಳುತ್ತಾರೆ ಮೇಡಂ, ಅದಕ್ಕೇ ನಾವು ಕಿಚನ್ ಕೊಡುತ್ತೇವೆ, ನಾಣ್ಯ ಕೊಡುತ್ತೇವೆ, ರೇಟ್ ಮುಟ್ಟುವುದಿಲ್ಲ ಅಂದರು. ಅವರ ಕಷ್ಟ ಅರ್ಥ ಆಯ್ತು. ಹಾಗಾದರೆ ಮಹಡಿಯ ಹೆಚ್ಚುವರಿ ದುಡ್ಡು ತೆಗೆದುಬಿಡಿ, ಅದು ರೇಟಿನಲ್ಲಿ ಕಾಣುವುದಿಲ್ಲವಲ್ಲ ಅಂದೆ. ಅಲ್ಲಿಂದ ಮಾತು ಸಲೀಸಾಗಿ ಓಡಿತು. ಕೊನೆಗೆ ಮಹಡಿಯ 1,18,000 ಪೂರ್ತಿ ಬಿಟ್ಟರು, ಚದರಡಿಗೆ 150 ಇಳಿಸಿದರು, ಅದು 1,77,000. ಎರಡೂ ಸೇರಿ 2,95,000. ಕಿಚನ್, ನಾಣ್ಯ ಎರಡನ್ನೂ ನಾವು ಬಿಟ್ಟೆವು.

ಇಳಿದ 2,95,000ಕ್ಕೆ ಜಿಎಸ್‌ಟಿಯಲ್ಲಿ 14,750 ಉಳಿಯಿತು, ರಿಜಿಸ್ಟ್ರೇಷನ್ನಿನಲ್ಲಿ 22,420. ಒಟ್ಟು 3,32,170. ಸಾಲದ ಬಡ್ಡಿ ಬೇರೆ. ಅಗ್ರಿಮೆಂಟಿನ ಬೆಲೆ ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ, ಅಂದರೆ ಗೈಡೆನ್ಸ್ ವ್ಯಾಲ್ಯೂಗಿಂತ, ಕೆಳಗೆ ಹೋದರೆ ಸ್ಟ್ಯಾಂಪ್ ಡ್ಯೂಟಿ ಗೈಡೆನ್ಸ್ ವ್ಯಾಲ್ಯೂ ಮೇಲೇ ಬೀಳುತ್ತದೆ, ಆ ಲೆಕ್ಕವನ್ನೂ ಮೊದಲೇ ನೋಡಿಕೊಂಡಿದ್ದೆ. ನಮ್ಮದು ಅದಕ್ಕಿಂತ ಮೇಲೆಯೇ ಇದೆ. ನಮ್ಮ ಬಡಗಿ ಒಳ್ಳೆಯ ವಾಟರ್‌ಪ್ರೂಫ್ ಪ್ಲೈವುಡ್ಡಿನಲ್ಲಿ ಅಡುಗೆಮನೆ ಮಾಡಿಕೊಡಲು 1,60,000 ಹೇಳಿದ್ದಾರೆ. ನಮಗೆ ಬೇಕಾದ ಅಳತೆಯಲ್ಲಿ, ನಮಗೆ ಬೇಕಾದಾಗ.

ಕಾರ್ಪಸ್ ಫಂಡಿಗೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. ಅದು ಮುಂದೆ ಮನೆಯವರ ಸಂಘಕ್ಕೆ ಹೋಗುವ ದುಡ್ಡು, ನಮ್ಮದೇ. ಸಂಘ ಆದ ಮೇಲೆ ಅದರ ಖಾತೆಗೆ ವರ್ಗಾಯಿಸುತ್ತೇವೆ ಅಂತ ಬರೆದುಕೊಡಿ ಅಂದೆ, ಒಪ್ಪಿದರು. ಕ್ಲಬ್ ಹೌಸಿನ 2 ಲಕ್ಷಕ್ಕೆ ಮಾತ್ರ ಎಷ್ಟು ಕೇಳಿದರೂ ಬಗ್ಗಲಿಲ್ಲ. ಜಲಮಂಡಳಿಯ ದುಡ್ಡಿಗೂ ಹಾಗೇ. ಕಾವೇರಿ ಐದನೇ ಹಂತದ ನೀರು ನಮ್ಮ ಕಟ್ಟಡಕ್ಕೆ ಯಾವಾಗ ಅಂತ ಕೇಳಿದ್ದಕ್ಕೆ ಅರ್ಜಿ ಹಾಕಿದ್ದೇವೆ ಅಂದರು. ಅರ್ಜಿಯ ಪ್ರತಿ ಕೊಡಿ ಅಂದಿದ್ದೇನೆ.

ಮೂವತ್ತು ದಿನದಲ್ಲಿ ಶೇ 20 ಕಟ್ಟಿ, ಆಮೇಲೆ ಅಗ್ರಿಮೆಂಟ್ ಅಂದರು. ಇದಕ್ಕೆ ನಮ್ಮ ಯಜಮಾನರೇ ಉತ್ತರ ಕೊಟ್ಟರು. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಮ್ಯಾನೇಜರ್ ಮರುಮಾತಾಡದೆ 10 ಅಂತ ತಿದ್ದಿದರು.

ಇಷ್ಟು ಹೊತ್ತು ಮಾವ ಎಲ್ಲಿದ್ದರು? ಸೈಟ್ ಎಂಜಿನಿಯರ್ ಜೊತೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಐದನೇ ಮಹಡಿಗೆ ಹತ್ತಿದ್ದರು. ನಾವೂ ಹೋದೆವು. ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ. ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೆಯ ಮೇಲೆ ಗುರುತು ಹಾಕುತ್ತಿದ್ದರು. ಯುಟಿಲಿಟಿಯಲ್ಲಿ ಗ್ರೈಂಡರಿಗೆ ಒಂದು 16 ಆಂಪ್ ಪಾಯಿಂಟ್, ವಾಷಿಂಗ್ ಮಷೀನಿಗೆ ಇನ್ನೊಂದು. ಎರಡು ನಲ್ಲಿ. ಹಾಲ್‌ನಿಂದ ಎರಡೂ ರೂಮಿಗೆ ಯುಪಿಎಸ್ ವೈರಿಂಗ್. ಅಮ್ಮನ ರೂಮಿನ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕುವುದಕ್ಕೆ ಗಟ್ಟಿ ಜಾಗ, ಕಾಲು ಜಾರದ ಟೈಲ್ಸ್. ಒಂದೊಂದು ಗುರುತಿನ ಪಕ್ಕದಲ್ಲೂ ನೆಲದಿಂದ ಎಷ್ಟು ಎತ್ತರ ಅಂತ ಅಂಗುಲದಲ್ಲಿ ಬರೆದರು. ಎಂಜಿನಿಯರ್ ಹುಡುಗ ಫೋಟೋ ಹಿಡಿದುಕೊಂಡ.

ಈಗ ಇದಕ್ಕೆ ಅವರಿಗೆ ಬೀಳುವ ಖರ್ಚು ಕೆಲವು ಮೀಟರ್ ಪೈಪು, ವೈರು ಅಷ್ಟೇ. ಪ್ಲಾಸ್ಟರ್ ಆದ ಮೇಲೆ ನಾವು ಮಾಡಿಸಿದರೆ ಗೋಡೆ ಕಡಿಯಬೇಕು, ಧೂಳು, ಮತ್ತೆ ಬಣ್ಣ. ಪೂರ್ತಿ ಕಾಂಕ್ರೀಟ್ ಗೋಡೆಯ ಮೈವಾನ್ ಕಟ್ಟಡವಾದರೆ ಪೈಪು ಕಾಂಕ್ರೀಟ್ ಸುರಿಯುವ ಮೊದಲೇ ಒಳಗೆ ಹೋಗಿರುತ್ತದೆ, ಆಮೇಲೆ ಕಡಿಯಲು ಬಿಡುವುದೂ ಇಲ್ಲ. ಅಂಥ ಕಡೆ ಕೊಳ್ಳುವವರು ಇನ್ನೂ ಮೊದಲೇ ಕೇಳಬೇಕು. ನನ್ನ ಮಟ್ಟಿಗೆ ಬಂಗಾರದ ನಾಣ್ಯಕ್ಕಿಂತ ಮಾವನ ಆ ಸೀಮೆಸುಣ್ಣದ ಗುರುತುಗಳೇ ಜಾಸ್ತಿ ಬಾಳುತ್ತವೆ.

ಆದರೆ ಗುರುತು ಅಳಿಸಿ ಹೋಗುತ್ತದೆ. ಅಣ್ಣನ ಮನೆಯ ಅನುಭವ ನನಗೆ ಮರೆತಿಲ್ಲ. ಎಂಟು ವರ್ಷದ ಹಿಂದೆ ಅಣ್ಣ ಬೇರೆ ಕಡೆ ಫ್ಲ್ಯಾಟ್ ತೆಗೆದುಕೊಂಡಾಗ ಅಲ್ಲಿಯ ಮ್ಯಾನೇಜರ್ ಬ್ರೋಷರಿನ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದರು: ಕಿಚನ್, ಎರಡು ಎಸಿ, ಸೊಳ್ಳೆ ಜಾಲರಿ. ಕೀ ಕೊಡುವ ಹೊತ್ತಿಗೆ ಆ ಮ್ಯಾನೇಜರ್ ಕೆಲಸ ಬಿಟ್ಟಿದ್ದರು. ಹೊಸಬರು ಅಗ್ರಿಮೆಂಟಿನಲ್ಲಿ ಇಲ್ಲವಲ್ಲ ಸರ್ ಅಂದರು. ಒಂದೂ ಸಿಗಲಿಲ್ಲ. ಅತ್ತಿಗೆ ಆ ಬ್ರೋಷರನ್ನು ಇವತ್ತಿಗೂ ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಇವತ್ತು ಎಲ್ಲವನ್ನೂ ಅಗ್ರಿಮೆಂಟಿನ ಅನುಬಂಧದಲ್ಲಿ ಹಾಕಿಸುವ ತನಕ ಏಳಲಿಲ್ಲ. ಪಾಯಿಂಟ್ ಎಷ್ಟು, ಎಲ್ಲಿ, ಯಾವ ಎತ್ತರದಲ್ಲಿ. ಟೈಲ್ಸ್ ಯಾವ ಕಂಪನಿಯದು, ಯಾವ ಅಳತೆ. ‘ಅಥವಾ ಅದಕ್ಕೆ ಸಮಾನವಾದದ್ದು’ ಅನ್ನುವ ಮಾತು ಮೂರು ಕಡೆ ಇತ್ತು, ಬೆಲೆಯಲ್ಲೂ ಸಮಾನವಾದದ್ದು ಅಂತ ಸೇರಿಸಿದರು. ಬೇಸ್‌ಮೆಂಟಿನ ನಮ್ಮ ಪಾರ್ಕಿಂಗ್ ನಂಬರ್ ಕೂಡ ಬರೆಸಿದೆ. ಬಯಲಿನಲ್ಲಿ ಗಾಡಿ ನಿಲ್ಲಿಸುವ ಜಾಗ ರೇರಾ ಪ್ರಕಾರ ಎಲ್ಲರಿಗೂ ಸೇರಿದ್ದು, ಅದನ್ನು ತೋರಿಸಿ ದುಡ್ಡು ತೆಗೆದುಕೊಳ್ಳಬಾರದು ಅಂತ ಇವರು ಎರಡು ಸಲ ಹೇಳಿದರು. ಇಲ್ಲ ಸರ್, ನಿಮ್ಮದು ಮುಚ್ಚಿದ ಜಾಗವೇ ಅಂತ ನಕ್ಷೆ ತೆಗೆದು ತೋರಿಸಿದರು.

ಟೋಕನ್ ಅಂತ 1 ಲಕ್ಷ ಆನ್‌ಲೈನಿನಲ್ಲಿ ಕಟ್ಟಿದೆವು. ಅಗ್ರಿಮೆಂಟಿನ ಕರಡು ನಾಳೆ ಜಯನಗರದ ವಕೀಲರ ಕೈಗೆ ಹೋಗುತ್ತದೆ. ಅವರು ಹೂಂ ಅನ್ನುವ ತನಕ ಸಹಿ ಇಲ್ಲ, ಅಷ್ಟರೊಳಗೆ ಬೇಡವಾದರೆ ಟೋಕನ್ ಪೂರ್ತಿ ವಾಪಸ್ ಅಂತ ಮೇಲ್ ಕಳಿಸಿದ್ದಾರೆ. ಆ ಮೇಲ್ ಬಂದ ಮೇಲೆಯೇ ದುಡ್ಡು ಹಾಕಿದ್ದು.

ಬರುವ ದಾರಿಯಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತುವಾಗ ಅಮ್ಮನಿಗೆ ಫೋನ್ ಮಾಡಿದೆ. ರೇಟ್ ಇಳಿದದ್ದು, ತೆರಿಗೆ ಉಳಿದದ್ದು ಎಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ, ಗ್ರೈಂಡರ್ ಎಲ್ಲಿ ಇಡ್ತೀಯೆ? ಯುಟಿಲಿಟಿಯಲ್ಲಿ ಅಮ್ಮ, ಪಕ್ಕದಲ್ಲೇ ನಲ್ಲಿ ಇದೆ, ಅನುಬಂಧದ ಹನ್ನೊಂದನೇ ಸಾಲಿನಲ್ಲಿ ಬರೆಸಿದ್ದೇನೆ ಅಂದೆ. ನಲ್ಲಿ ಎಷ್ಟು ಎತ್ತರಕ್ಕೆ, ಬಿಂದಿಗೆ ಹಿಡಿಯುತ್ತಾ ಅಂದರು. ಅದನ್ನು ನಾಳೆ ಬೆಳಿಗ್ಗೆ ಮಾವನ ಹತ್ತಿರ ಕೇಳಬೇಕು.